ಟವೆಲ್ ಕೆಳಗಿನ ನಾಡಿ

ನನ್ನ ಎದೆಗೆ ಏನೂ ಆಗಿಲ್ಲ ಎಂದು ತಿಳಿದುಕೊಳ್ಳಲು ಎಂಟು ಸಾವಿರದ ಏಳುನೂರು ರೂಪಾಯಿ ಖರ್ಚಾಯಿತು. ಅದಕ್ಕೆ ಮೊದಲು, ಏನೋ ಆಗಿದೆ ಎಂದು ನಂಬಿಕೊಂಡು ತಿರುಗಿದ್ದಕ್ಕೆ ಒಂದು ಜೋಡಿ ಎತ್ತಿನ ಮೇಲೆ ಇಪ್ಪತ್ತು ಸಾವಿರ ಹೋಯಿತು, ಮೂರು ಒಳ್ಳೆಯ ಆಕಳು ಬೇರೆಯವರ ಕೊಟ್ಟಿಗೆ ಸೇರಿದವು. ಕೇಳಿದವರೆಲ್ಲ ಆಸ್ಪತ್ರೆಯ ಖರ್ಚು ದುಬಾರಿ ಎನ್ನುತ್ತಾರೆ. ನಾನು ಹಾಗೆನ್ನುವುದಿಲ್ಲ. ಆಸ್ಪತ್ರೆಯದು ಅಗ್ಗ, ತಡ ಮಾಡಿದ್ದು ದುಬಾರಿ. ಯಾಕೆ ತಡವಾಯಿತು ಎಂದು ಹೇಳಬೇಕಾದರೆ ಮೊದಲು ನನ್ನ ಕಸುಬು ಹೇಳಬೇಕು.

ನಾನು ದನದ ವ್ಯಾಪಾರ ಮಾಡುತ್ತೇನೆ. ಮನೆ ಭಾಲ್ಕಿಯಲ್ಲಿ. ಔರಾದ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ದೇವಣಿ ತಳಿಯ ಆಕಳು, ಎತ್ತು ಕೊಳ್ಳುತ್ತೇನೆ, ಎರಡು ತಿಂಗಳು ಮೇಯಿಸಿ ಮೈ ತುಂಬಿಸಿ ಸಂತೆಯಲ್ಲಿ ಮಾರುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ತವರಿನಿಂದ ಬಂದ ಒಂದು ಎಮ್ಮೆಯಿಂದ ಶುರು ಮಾಡಿದ್ದು. ನಮ್ಮ ಮನೆಯವರು ಸಾಲೆಯಲ್ಲಿ ಗುಮಾಸ್ತರು. ಅವರಿಗೆ ದನದ ಎದುರು ನಿಂತರೆ ಬೆವರು ಬರುತ್ತದೆ. ಆದ್ದರಿಂದ ವ್ಯಾಪಾರ ನನ್ನದು, ಪಾವತಿ ಬರೆಯುವುದು ಅವರದು ಎಂದು ಮದುವೆಯ ಎರಡನೇ ವರ್ಷದಲ್ಲೇ ತೀರ್ಮಾನವಾಯಿತು.

ನಮ್ಮ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವರು, ಕೊಳ್ಳುವವರು ಇಬ್ಬರೂ ಬಲಗೈ ಚಾಚುತ್ತಾರೆ, ಮೇಲೆ ಒಂದು ಟವೆಲ್ ಹೊದಿಸುತ್ತಾರೆ, ಕೆಳಗೆ ಬೆರಳು ಮಾತಾಡುತ್ತವೆ. ಲಕ್ಷ ಎಷ್ಟು ಎಂಬುದು ಎತ್ತು ನೋಡಿದವರಿಗೆಲ್ಲ ಗೊತ್ತು. ಅದರ ಮೇಲಿನ ಹತ್ತು ಸಾವಿರಗಳನ್ನು ಬೆರಳು ಹಿಡಿದು ಹೇಳಬೇಕು. ನಾಲ್ಕು ಬೆರಳು ಹಿಡಿದರೆ ಒಂದು ಲಕ್ಷ ನಲವತ್ತು ಸಾವಿರ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದು ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೆಣ್ಣಿನ ಕೈ ಹಿಡಿಯಲು ಮೊದಲು ಯಾರೂ ಒಪ್ಪಲಿಲ್ಲ. ನಾನು ಬೆಲೆಯನ್ನು ದಲಾಲನ ಕಿವಿಯಲ್ಲಿ ಹೇಳಬೇಕಿತ್ತು, ಅವನು ಹೋಗಿ ಇನ್ನೊಬ್ಬನ ಕೈಗೆ ಹೇಳಬೇಕಿತ್ತು. ನಡುವೆ ಬೆಲೆ ಸವೆಯುತ್ತಿತ್ತು. ಕೊನೆಗೆ ನಮ್ಮ ತಂದೆಯ ವಯಸ್ಸಿನ ಒಬ್ಬ ದಲಾಲ, ಎಲ್ಲರೂ ಕಾಕಾ ಎನ್ನುವವರು, ತಮ್ಮ ಟವೆಲ್ಲನ್ನೇ ಬಿಚ್ಚಿ ನನ್ನ ಕೈ ಮೇಲೆ ಹಾಕಿದರು. "ಎತ್ತು ಬೇಕಂದ್ರ ಕೈ ಕೊಡ್ರಿ, ಬ್ಯಾಡಂದ್ರ ಮನಿಗಿ ನಡೀರಿ," ಎಂದು ಕೊಳ್ಳಲು ಬಂದವನಿಗೆ ಹೇಳಿದರು. ಎತ್ತು ಚೆನ್ನಾಗಿತ್ತು. ಅವನು ಕೈ ಕೊಟ್ಟ. ಆಮೇಲೆ ಎಲ್ಲರೂ ಕೊಟ್ಟರು.

ಕಾಕಾ ನನಗೆ ಇನ್ನೊಂದನ್ನೂ ಕಲಿಸಿದರು. ಬೆರಳು ಹಿಡಿದಾಗ ನಮ್ಮ ಹೆಬ್ಬೆರಳು ಸುಮ್ಮನೆ ಇರುತ್ತದೆ. ಅದನ್ನು ಎದುರಿನವನ ಮಣಿಕಟ್ಟಿನ ಮೇಲೆ ಇಡಬೇಕು, ಅಲ್ಲಿ ನಾಡಿ ಸಿಗುತ್ತದೆ. ಎತ್ತು ಬೇಕೇ ಬೇಕು ಎನ್ನುವವನ ನಾಡಿ ಓಡುತ್ತದೆ. ಸುಮ್ಮನೆ ಬೆಲೆ ಕೇಳಲು ಬಂದವನದು ಓಡುವುದಿಲ್ಲ. ಎತ್ತಿಗೆ ಒದೆಯುವ ಚಾಳಿ ಇದ್ದು ಅದನ್ನು ಮುಚ್ಚಿಟ್ಟವನದು ಓಡುತ್ತದೆ, ಜೊತೆಗೆ ಕೈ ಒದ್ದೆಯಾಗುತ್ತದೆ. "ಬೆರಳು ಸುಳ್ಳು ಹೇಳ್ತಾವ ಬಾಯಿ, ನಾಡಿ ಹೇಳಂಗಿಲ್ಲ," ಎಂದರು ಕಾಕಾ. ಬಾಯಿ ಎಂದರೆ ನಾನು, ಸಂತೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆಯೇ. ಇಪ್ಪತ್ತು ವರ್ಷ ನಾನು ಅದರಿಂದಲೇ ಊಟ ಮಾಡಿದೆ. ಎರಡು ಖೋಲಿಯ ಮನೆ ನಾಲ್ಕಾಯಿತು.

ನನಗೆ ನಲವತ್ತೇಳು ತುಂಬಿದ ವರ್ಷ, ಸುಗ್ಗಿ ಮುಗಿದ ಮೇಲಿನ ಒಂದು ಸಂತೆ. ಸಾಯಗಾಂವದಿಂದ ತಂದ ಜೋಡಿ ಎತ್ತು ಮಾರಲು ನಿಂತಿದ್ದೆ. ಕೊಳ್ಳಲು ಬಂದವನು ಉದಗೀರ ಕಡೆಯ ವ್ಯಾಪಾರಿ, ಅರ್ಧ ಮರಾಠಿ ಅರ್ಧ ಕನ್ನಡ ಆಡುವವನು, ಹತ್ತು ವರ್ಷದ ಗಿರಾಕಿ. ಟವೆಲ್ ಬಿತ್ತು. ನಾನು ಅವನ ನಾಲ್ಕು ಬೆರಳು ಹಿಡಿದೆ. ಅವನು ನನ್ನ ಮೂರು ಹಿಡಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಗ ನನ್ನ ಎದೆ ಓಡಲು ಶುರುವಾಯಿತು. ರಾಶಿ ಮಷೀನಿಗೆ ಕಲ್ಲು ಸಿಕ್ಕರೆ ಹೇಗೆ ಹೊಡೆದುಕೊಳ್ಳುತ್ತದೋ ಹಾಗೆ. ನಡುವೆ ಒಂದು ಬಡಿತ ತಪ್ಪಿದಂತಾಗಿ ಗಂಟಲಿಗೆ ಏನೋ ಬಂದು ಕೂತಿತು. ಕುತ್ತಿಗೆಯಿಂದ ಹಣೆಯವರೆಗೆ ಬಿಸಿ ಏರಿತು. ಅಂಗೈ ಒದ್ದೆಯಾಯಿತು. ಕಾರಣ ಏನೂ ಇರಲಿಲ್ಲ. ಎತ್ತು ಚೊಕ್ಕವಾಗಿದ್ದವು, ಗಿರಾಕಿ ಹಳಬ, ಹೊಟ್ಟೆ ತುಂಬಿತ್ತು.

ಉದಗೀರದವನ ಹೆಬ್ಬೆರಳು ನನ್ನ ಮಣಿಕಟ್ಟಿನ ಮೇಲೆ ನಿಂತೇ ಇತ್ತು. ಅವನೂ ಕಾಕಾ ಹತ್ತಿರ ಕಲಿತವನೇ. ಮೂರು ಬೆರಳು ಬಿಟ್ಟ, ಎರಡು ಹಿಡಿದ.

"ಬಾಯಿ, ಎತ್ತಿಗಿ ಏನರ ಅದಾ?" ಎಂದ, ಮೆಲ್ಲಗೆ.

"ಎತ್ತಿಗಿ ಏನಿಲ್ಲ."

"ಮತ್ತ ಕೈ ಯಾಕ ಹಿಂಗ್ಯಾದ?"

ನನಗೆ ಆಗ ಎತ್ತು ಬೇಡವಾಗಿತ್ತು, ಬೆಲೆಯೂ ಬೇಡವಾಗಿತ್ತು. ಕೈ ಹೊರಗೆ ಬಂದರೆ ಸಾಕಾಗಿತ್ತು. ಇನ್ನು ಅರ್ಧ ನಿಮಿಷ ನಿಂತರೆ ಇಲ್ಲೇ ಸಗಣಿಯ ಮೇಲೆ ಬಿದ್ದು ಸಾಯುತ್ತೇನೆ ಎಂಬುದು ಬಿಸಿಲಿನಷ್ಟು ಖಚಿತವಾಗಿತ್ತು. ಎರಡು ಬೆರಳಿಗೆ ಹೂಂ ಎಂದೆ. ಹತ್ತು ನಿಮಿಷದ ಮೇಲೆ, ಚಹಾದ ಅಂಗಡಿಯ ಬೆಂಚಿನ ಮೇಲೆ, ಎದೆ ತಾನಾಗಿ ಸರಿಯಾಯಿತು. ಇಪ್ಪತ್ತು ಸಾವಿರ ಮಾತ್ರ ಸರಿಯಾಗಲಿಲ್ಲ.

ಇಲ್ಲಿಯವರೆಗಿನದು ಯಾರಿಗೆ ಬೇಕಾದರೂ ಆಗಬಹುದು. ಮುಂದಿನ ತಪ್ಪು ನನ್ನಂಥ ದನದ ವ್ಯಾಪಾರಿಗೆ ಮಾತ್ರ ಆಗುವಂಥದು.

ನಾಡಿ ಸುಳ್ಳು ಹೇಳುವುದಿಲ್ಲ ಎಂದು ಇಪ್ಪತ್ತು ವರ್ಷ ನಂಬಿದವಳು ನಾನು. ಹಾಗಿದ್ದ ಮೇಲೆ ನನ್ನ ನಾಡಿಯಾದರೂ ಯಾಕೆ ಸುಳ್ಳು ಹೇಳೀತು? ನನ್ನ ಕಣ್ಣಿಗೆ ಕಾಣದ ದೋಷ ನನ್ನ ಎದೆಗೆ ಕಂಡಿದೆ ಎಂದು ತಿಳಿದೆ. ಮಾರಿದ ಆ ಎತ್ತುಗಳಲ್ಲಿ ಏನೋ ಐಬು ಇದ್ದಿರಬೇಕು ಎಂದು ಹದಿನೈದು ದಿನ ಕಾದೆ. ಐಬು ಇರಲಿಲ್ಲ. ಉದಗೀರದವನು ಅವನ್ನು ಒಂದೂವರೆ ಲಕ್ಷಕ್ಕೆ ಮಾರಿದ ಎಂದು ಸುದ್ದಿ ಬಂತು. ಆದರೂ ನಾನು ಕಲಿಯಲಿಲ್ಲ.

ಮುಂದಿನ ತಿಂಗಳು ಚಿಂತಾಕಿಗೆ ಹೋದೆ. ಒಂದು ಮನೆಯಲ್ಲಿ ಚೊಚ್ಚಲ ಕರು ಹಾಕಿದ ಆಕಳು, ಕಪ್ಪು ಬಿಳಿ ಮೈ, ಕೆಚ್ಚಲು ನೋಡಿದರೆ ಯಾರಾದರೂ ಕೂತು ಚೌಕಾಶಿ ಮಾಡುವಂಥದು. ಬೆನ್ನ ಮೇಲೆ ಕೈ ಇಟ್ಟೆ. ಎದೆ ಓಡಿತು. ಆಕಳು ನನ್ನನ್ನು ನೋಡಿತು, ನಾನು ಆಕಳನ್ನು ನೋಡಿದೆ.

"ಯಾಕ್ರಿ ಅಕ್ಕಾ, ಕಿಮ್ಮತ್ ಕೇಳವಲ್ರಿ?" ಎಂದಳು ಮನೆಯ ಹೆಂಗಸು.

"ನನ್ನ ಮನಸ ಒಪ್ಪವಲ್ದು," ಎಂದೆ.

"ಮನಸ ಒಪ್ಪಲಿಕ್ಕಿ ನಿಮಗ ಗಂಡ ನೋಡ್ಲತ್ತೀವೇನ್ರಿ? ಆಕಳ ಅದ. ಹಾಲ ಹಿಂಡಿ ನೋಡ್ರಿ."

ಎದ್ದು ಬಂದೆ. ಹೀಗೆ ಎರಡು ತಿಂಗಳಲ್ಲಿ ಮೂರು ಆಕಳು ಬಿಟ್ಟೆ. ಮೂರೂ ಈಗ ಎರಡು ಹೊತ್ತು ಹಾಲು ಕೊಡುತ್ತಿವೆ, ಬೇರೆಯವರಿಗೆ.

ಆ ದಿನಗಳಲ್ಲಿ ಮೈಯಲ್ಲಿ ಬೇರೆ ಸಂಗತಿಗಳೂ ನಡೆದಿದ್ದವು. ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ ಬರುವುದು, ಒಮ್ಮೆ ಐವತ್ತು ದಿನ ಬಾರದಿರುವುದು, ಬಂದರೆ ಹೊಲಕ್ಕೆ ನೀರು ಬಿಟ್ಟಂತೆ ಬರುವುದು. ನಿದ್ದೆ ಹರಕು. ಬೆಳಿಗ್ಗೆ ಎದ್ದ ಕೂಡಲೇ ಏನೋ ಕೆಟ್ಟದ್ದು ನಡೆದಿದೆ, ಯಾರೋ ಇನ್ನೂ ನನಗೆ ಹೇಳಿಲ್ಲ ಎಂಬ ಭಾವನೆ. ಪೂಜೆಗೆ ಕೂತು ಅಂಗೈಯಲ್ಲಿ ಲಿಂಗ ಹಿಡಿದರೆ ಮುಗಿಯುವ ಮೊದಲೇ ಎದ್ದುಬಿಡುತ್ತಿದ್ದೆ. ನಮ್ಮ ಧರ್ಮದಲ್ಲಿ ಮುಟ್ಟಿಗೆ ಸೂತಕವಿಲ್ಲ, ಪೂಜೆ ಯಾವ ದಿನವೂ ಮಾಡಬಹುದು. ಬಸವಣ್ಣನವರ ಕಾಲದಿಂದ ಹಾಗೆಯೇ. ಆದರೆ ಅದರ ಬಗ್ಗೆ ಮಾತಾಡಲು ಮಾತ್ರ ಸೂತಕ ಇದ್ದೇ ಇದೆ. ನಮ್ಮ ಅವ್ವನಿಗೆ ಯಾವ ವಯಸ್ಸಿಗೆ ನಿಂತಿತು, ಆಗ ಅವಳಿಗೆ ಏನಾಯಿತು, ನನಗೆ ಇವತ್ತಿಗೂ ಗೊತ್ತಿಲ್ಲ. ಎದೆಗೂ ಮುಟ್ಟಿಗೂ ಸಂಬಂಧ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಒಂದು ಮೇಲೆ, ಇನ್ನೊಂದು ಕೆಳಗೆ.

ನಮ್ಮ ಮನೆಯವರಿಗೆ ಗೊತ್ತಾದದ್ದು ಬದನೆಕಾಯಿಯಿಂದ. ಒಂದು ಸಂಜೆ ಬಾಗಿಲಿಗೆ ತರಕಾರಿ ಗಾಡಿ ಬಂತು. ಎದೆ ಬೆಳಿಗ್ಗೆಯಿಂದ ಸರಿಯಿರಲಿಲ್ಲ. ಗಾಡಿಯವನು ಕಿಲೋಗೆ ಅರವತ್ತು ಎಂದ, ನಾನು ಅರವತ್ತು ಕೊಟ್ಟೆ. ಗಾಡಿಯವನು ಹಣ ಹಿಡಿದುಕೊಂಡು ಹೋಗದೆ ನಿಂತ. ಒಳಗೆ ಪೇಪರ್ ಓದುತ್ತಿದ್ದ ಇವರು ಎದ್ದು ಬಂದರು.

"ಏನಾಗ್ಯಾದ ನಿನಗ?"

"ಏನಿಲ್ಲ."

"ಅರವತ್ತಕ್ಕ ಅರವತ್ತೇ ಕೊಟ್ಟಿ."

"ಆಂವ ಕೇಳ್ದ, ಕೊಟ್ಟೆ."

"ನಾಳಿ ಬೀದರಿಗಿ ಹೋಗಾಮಿ," ಎಂದರು.

ಮದುವೆಯಾದ ಮೇಲೆ ಅವರು ಕೇಳದೆ ತೀರ್ಮಾನಿಸಿದ ಮೊದಲ ವಿಷಯ ಅದು. ಆದರೂ ನಾನು ಮೂರು ವಾರ ಮುಂದೂಡಿದೆ. ಎದೆಯ ಡಾಕ್ಟರು ಏನಾದರೂ ಹೇಳಿಬಿಟ್ಟರೆ ಎಂಬ ಭಯ. ಕಾಕಾ ಮಾತಾಡದಿದ್ದರೆ ಇನ್ನೂ ಮುಂದೂಡುತ್ತಿದ್ದೆನೇನೋ.

ಕಾಕಾ ಸಂತೆಯ ಬೇಲಿಯ ಹತ್ತಿರ ಕರೆದು ಕೂರಿಸಿದರು. "ಬಾಯಿ, ನಿನ್ನ ಕೈ ಮಂದಿ ಓದ್ಲಕತ್ಯಾರ," ಎಂದರು. "ಉದಗೀರದಾಂವ ನಾಲ್ಕು ಮಂದಿಗಿ ಹೇಳ್ಯಾನ. ಬಾಯಿ ಎತ್ತ ತಂದ್ರ ಏನರ ಮುಚ್ಚಿಟ್ಟಿರ್ತಾಳ, ಕೈ ಹಿಡದ್ರ ಗೊತ್ತಾಗ್ತದ ಅಂತ. ಜರಾ ದಿನ ಮನ್ಯಾಗ ಕೂಡು. ನಿನ್ನ ಮೈದುನ ಕೈ ಕೊಡಲಿ."

ಮೈದುನ ಒಳ್ಳೆಯವನೇ. ಎತ್ತಿನ ಹಲ್ಲು ಎಣಿಸಲು ಬರುತ್ತದೆ. ಆದರೆ ಟವೆಲ್ ಕೆಳಗೆ ಒಮ್ಮೆ ಅವನ ಕೈ ಹೋದರೆ ನನ್ನ ಕೈ ಮತ್ತೆ ಒಳಗೆ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು. ಕೈ ಮೇಲೆ ಟವೆಲ್ ಹಾಕಿಸಿಕೊಳ್ಳಲು ಎರಡು ವರ್ಷ ಹಿಡಿದಿತ್ತು. ಕೈ ಹಿಂದಕ್ಕೆ ತೆಗೆದುಕೊಂಡರೆ ನಾನು ಮತ್ತೆ ದಲಾಲನ ಕಿವಿಯಲ್ಲಿ ಬೆಲೆ ಹೇಳುವ ಹೆಂಗಸು.

ಮರುದಿನವೇ ಬೀದರಿಗೆ ಹೋದೆ.

ಮೊದಲು ಎದೆಯ ಡಾಕ್ಟರು. ಕಾಗದದ ಪಟ್ಟಿ ಎಳೆಯುವ ಇಸಿಜಿ ಪರೀಕ್ಷೆ, ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಟಿವಿಯಲ್ಲಿ ನೋಡುವ ಪರೀಕ್ಷೆ, ರಕ್ತದ್ದು, ಥೈರಾಯಿಡ್‌ದು. ಲ್ಯಾಬಿನಲ್ಲಿ ಎಲ್ಲ ಸೇರಿಸಿ ಒಂದು ರೇಟು ಮಾಡಿ ಎಂದೆ. ಕೌಂಟರಿನ ಹುಡುಗಿ ಆಗುವುದಿಲ್ಲ ಎಂದಳು, ಆಮೇಲೆ ಮುನ್ನೂರು ಬಿಟ್ಟಳು. ಎಲ್ಲ ಕಡೆ ಕೇಳಬೇಕು, ಕೇಳಿದರೆ ಯಾರೂ ಹೊಡೆಯುವುದಿಲ್ಲ.

ಕೊನೆಗೆ ಒಂದು ದಿನದ ಮಟ್ಟಿಗೆ ಎದೆಗೆ ತಂತಿ ಅಂಟಿಸಿ, ಸೊಂಟಕ್ಕೆ ಒಂದು ಚಿಕ್ಕ ಯಂತ್ರ ಕಟ್ಟಿ ಕಳಿಸಿದರು. ಎದೆ ಯಾವಾಗ ಹೇಗೆ ಬಡಿಯಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದಂತೆ. ಸೀರೆಯೊಳಗೆ ಯಂತ್ರ ಕಟ್ಟಿಕೊಂಡು ಭಾಲ್ಕಿಗೆ ಬಂದೆ, ಎಮ್ಮೆ ಹಿಂಡಿದೆ, ಸಗಣಿ ಬಳಿದೆ, ಮೈದುನನ ಜೊತೆ ಬೇಕೆಂದೇ ಜಗಳ ತೆಗೆದೆ. ಎದೆ ಒಂದು ಸಲವೂ ಓಡಲಿಲ್ಲ. ಎರಡು ಸಾವಿರ ಕೊಟ್ಟು ಕಟ್ಟಿಸಿಕೊಂಡ ಯಂತ್ರ. ಗಿರಾಕಿ ಬಂದ ದಿನವೇ ಹಾಲು ಮೇಲೇರಿಸಿಕೊಂಡು ಹಿಂಡಲು ಕೊಡದ ಎಮ್ಮೆಯ ಹಾಗೆ ನನ್ನ ಎದೆ ಸುಮ್ಮನೆ ಕೂತಿತ್ತು.

ಮರುದಿನ ಯಂತ್ರ ಬಿಚ್ಚಿಸಲು ಬೀದರ ಬಸ್ಸು ಹತ್ತಿದೆ. ಊರು ಇನ್ನೂ ಅರ್ಧ ತಾಸು ಇರುವಾಗ ಓಡಿತು. ಚೆನ್ನಾಗಿಯೇ ಓಡಿತು. ಯಾವಾಗಲೂ ಆಗುವಂತೆ ಬಿಸಿ, ಬೆವರು, ಗಂಟಲಲ್ಲಿ ಗಂಟು. ಆದರೆ ಅವತ್ತು ನನಗೆ ಭಯವಾಗಲಿಲ್ಲ, ಸಮಾಧಾನವಾಯಿತು. ಯಂತ್ರದ ಬಾಡಿಗೆ ವಸೂಲಾಯಿತಲ್ಲ. ಇನ್ನಷ್ಟು ಓಡು, ಎಲ್ಲ ದಾಖಲಾಗಲಿ ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಅದು ಎರಡು ನಿಮಿಷವೂ ಓಡಲಿಲ್ಲ, ತಾನಾಗಿ ತಣ್ಣಗಾಯಿತು. ಆಗ ಅದರ ಅರ್ಥ ತಿಳಿಯಲಿಲ್ಲ, ನಷ್ಟವಾಯಿತು ಎಂದೇ ಬೇಸರಪಟ್ಟೆ.

ಎದೆಯ ಡಾಕ್ಟರು ಕಾಗದ ನೋಡಿ, ಬಡಿತ ಜೋರಾಗಿದೆ, ಆದರೆ ದಾರಿ ತಪ್ಪಿಲ್ಲ, ಹೃದಯ ಗಟ್ಟಿ ಇದೆ ಎಂದರು. ರಕ್ತ ಮಾತ್ರ ಕಡಿಮೆ ಇತ್ತು. ಮುಟ್ಟಿನ ಬಗ್ಗೆ ಒಂದು ಪ್ರಶ್ನೆ ಕೇಳಿ, ನನ್ನ ಉತ್ತರ ಮುಗಿಯುವ ಮೊದಲೇ ಹೆಣ್ಣುಮಕ್ಕಳ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಆ ಡಾಕ್ಟರಮ್ಮ ನನಗಿಂತ ಸಣ್ಣವರು. ಬಂದವರೇ ನನ್ನ ಕೈ ಹಿಡಿದು ನಾಡಿ ನೋಡಿದರು. ಇಪ್ಪತ್ತು ವರ್ಷದ ಅಭ್ಯಾಸ, ನನ್ನ ಹೆಬ್ಬೆರಳು ತಾನಾಗಿ ಅವರ ಮಣಿಕಟ್ಟಿಗೆ ಹೋಯಿತು.

"ನಿಮ್ದೂ ಜೋರ ಅದ್ರಿ," ಎಂದೆ.

"ಹೊರಗ ಅರವತ್ತು ಮಂದಿ ಕುಂತಾರ್ರಿ," ಎಂದರು.

ಆಮೇಲೆ ಎಲ್ಲ ಕೇಳಿದರು. ಮುಟ್ಟು, ನಿದ್ದೆ, ಬಿಸಿ, ಬೆಳಗಿನ ಭಯ. ನಾನು ಹೇಳಿದ್ದಕ್ಕೆಲ್ಲ ಮೊದಲೇ ಕೇಳಿದ ಕಥೆ ಎನ್ನುವಂತೆ ತಲೆ ಆಡಿಸಿದರು. ಮುಟ್ಟು ನಿಲ್ಲುವ ಮೊದಲು ಕೆಲವು ವರ್ಷ ಮೈಯ ರಸಗಳು ಏರುಪೇರಾಗುತ್ತವೆ, ಆಗ ಎದೆ ಕಾರಣವಿಲ್ಲದೆ ಓಡುವುದೂ ಉಂಟು, ಮನಸ್ಸು ಕಾರಣವಿಲ್ಲದೆ ಹೆದರುವುದೂ ಉಂಟು ಎಂದರು. ರಕ್ತ ಕಡಿಮೆ ಇದ್ದರೆ ಇನ್ನೂ ಓಡುತ್ತದೆ.

"ದಿನಾ ಚಹಾ ಎಷ್ಟ ಕುಡೀತೀರಿ?"

"ಸಂತಿ ದಿನಾ ಹನ್ನೊಂದು."

"ಹನ್ನೊಂದು?"

"ಸೌದಾ ಮುರದ್ರೂ ಚಹಾ, ಕೂಡಿದ್ರೂ ಚಹಾ."

ಅವರು ಎರಡು ಎಂದರು. ನಾನು ಆರು ಎಂದೆ. ಮೂರಕ್ಕೆ ಮುಗಿಯಿತು. ಊಟದ ಜೊತೆ, ಕಬ್ಬಿಣದ ಗುಳಿಗೆಯ ಜೊತೆ ಚಹಾ ಕೂಡದು ಎಂದು ಮೇಲೊಂದು ಷರತ್ತು ಹಾಕಿದರು.

"ಇದು ಎಷ್ಟ ದಿನ ಇರ್ತದ್ರಿ?" ಎಂದೆ.

"ಎರಡು ವರ್ಷ ಆಗಬಹುದು. ಐದೂ ಆಗಬಹುದು."

"ಒಂದೂವರಿಗಿ ಮುಗಸ್ರಿ."

"ಇಲ್ಲಿ ಚೌಕಾಶಿ ನಡ್ಯಂಗಿಲ್ರಿ ಅಕ್ಕಾ," ಎಂದು ಅವರು ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು. ಆಮೇಲೆ ಏನೋ ನೆನಪಾದಂತೆ, ಎದೆ ಓಡಿದಾಗ ಉಸಿರು ಒಳಗೆಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ಉದ್ದ ಮಾಡಬೇಕು ಎಂದರು. ತಲೆ ತಿರುಗಿ ಬಿದ್ದರೆ, ಎದೆ ನೋವು ಬಂದರೆ, ಓಡಿದ್ದು ಬಹಳ ಹೊತ್ತು ನಿಲ್ಲದಿದ್ದರೆ ಅವತ್ತೇ ಬರಬೇಕು ಎಂದರು. ಇಷ್ಟಕ್ಕೂ ತಗ್ಗದಿದ್ದರೆ ಬೇರೆ ಔಷಧ ಇವೆ, ಮಾತಾಡೋಣ ಎಂದರು.

ಉಸಿರಾಟವನ್ನು ನಾನು ಕೊಟ್ಟಿಗೆಯಲ್ಲಿ ಕಲಿತೆ. ಮನೆಯೊಳಗೆ ಕಣ್ಣು ಮುಚ್ಚಿ ಕೂತರೆ ಇವರು ಬಂದು ಬಂದು ನೋಡುತ್ತಿದ್ದರು. ಎಮ್ಮೆ ನೋಡುವುದಿಲ್ಲ. ಅದು ಮೆಲುಕು ಹಾಕುತ್ತಾ ಕೂತಿರುತ್ತದೆ, ಆಗಾಗ ಒಂದು ಉದ್ದ ಉಸಿರು ಬಿಡುತ್ತದೆ. ಅದರ ಮಗ್ಗುಲಲ್ಲಿ ಮಣೆ ಹಾಕಿಕೊಂಡು ನಾಲ್ಕು ಎಣಿಸುತ್ತಾ ಒಳಗೆ, ಏಳು ಎಣಿಸುತ್ತಾ ಹೊರಗೆ. ಎಮ್ಮೆಗೆ ಆತಂಕ ಎಂಬುದಿಲ್ಲ. ಹುಲ್ಲು ಇದೆಯೋ ಇಲ್ಲವೋ ಅಷ್ಟೇ. ಗುಳಿಗೆ ಶುರು ಮಾಡಿ ಎರಡು ತಿಂಗಳಿಗೆ ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರು ಹೋಯಿತು. ಎದೆ ಓಡುವುದು ವಾರಕ್ಕೆ ನಾಲ್ಕರಿಂದ ಒಂದೆರಡಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಈಗಲೂ ಹೋಗಿಲ್ಲ.

ಅದೇ ಕಷ್ಟ. ಪೂರ್ತಿ ಹೋದ ಮೇಲೆ ಸಂತೆಗೆ ಹೋಗುತ್ತೇನೆ ಎಂದರೆ ಐದು ವರ್ಷ ಆಗಬಹುದು. ಅಷ್ಟರಲ್ಲಿ ಮೈದುನ ಸಂತೆಯಲ್ಲಿ ಹೊಸ ಟವೆಲ್ ಕೊಂಡಿರುತ್ತಾನೆ.

ಕೊಟ್ಟಿಗೆಯಲ್ಲಿ ಕೂತು ಇದನ್ನೇ ವ್ಯಾಪಾರದ ಮಾತಾಗಿ ಯೋಚಿಸಿದೆ. ತಪ್ಪು ತೂಗುವ ತಕ್ಕಡಿಯಿಂದ ಮೋಸ ಆಗುವುದು ಅದು ತಪ್ಪು ಎಂದು ಗೊತ್ತಿಲ್ಲದಾಗ ಮಾತ್ರ. ತಕ್ಕಡಿ ಕೆಟ್ಟಿದೆ ಎಂದು ಬೋರ್ಡು ಹಾಕಿದರೆ ಯಾರೂ ಅದನ್ನು ನಂಬುವುದಿಲ್ಲ. ನನ್ನ ನಾಡಿ ಕೆಟ್ಟ ತಕ್ಕಡಿ. ಅದನ್ನು ಮುಚ್ಚಿಟ್ಟವಳು ನಾನೇ. ಇನ್ನು ಬೋರ್ಡು ಹಾಕುವುದೊಂದೇ ಉಳಿದಿತ್ತು.

ಎಳ್ಳಮಾವಾಸ್ಯೆ ಕಳೆದ ಮೇಲಿನ ಸಂತೆಗೆ ಒಂದು ಜೋಡಿ ಎತ್ತು ಹೊಡೆದುಕೊಂಡು ಹೋದೆ. ಮೈದುನ ಹಗ್ಗ ಹಿಡಿದು ನಿಂತ. ಉದಗೀರದವನು ಬಂದ, ಹಲ್ಲು ನೋಡಿದ, ಗೊರಸು ನೋಡಿದ, ನಾಲ್ಕು ಹೆಜ್ಜೆ ನಡೆಸಿ ನೋಡಿದ. ಕಾಕಾ ಮೈದುನನ ಕಡೆ ನೋಡಿದರು. ನಾನು ಸೆರಗು ಸಿಕ್ಕಿಸಿ ಕೈ ಚಾಚಿದೆ. ಕಾಕಾ ಒಂದು ಗಳಿಗೆ ತಡೆದು ಟವೆಲ್ ಹಾಕಿದರು. ಸುತ್ತ ಎಂಟು ಹತ್ತು ಮಂದಿ ನಿಂತಿದ್ದರು.

"ಅಣ್ಣಾ, ಕೈ ಹಿಡಿಯೋಕಿಂತ ಮೊದಲ ಒಂದ ಮಾತ ಹೇಳ್ತೇನಿ," ಎಂದೆ. "ನಂದು ಮುಟ್ಟ ನಿಲ್ಲೋ ವಯಸ್ಸ. ಈ ವಯಸ್ಸಿನ್ಯಾಗ ಎದಿ ಸುಮ್ಮ ಸುಮ್ಮನ ಓಡ್ತದಂತ. ಬೀದರದಾಗ ತೋರಿಸ್ಕೊಂಡ ಬಂದೇನಿ, ಕಾಗದ ಮನ್ಯಾಗ ಅದ. ಈಗ ಓಡಿದ್ರ ಅದು ನಂದು, ಎತ್ತಿಂದಲ್ಲ. ನಾಡಿ ಓದಿ ಬೆಲಿ ಕಟ್ಟಿದ್ರ ನಿನಗೇ ಲುಕ್ಸಾನ."

ಒಬ್ಬ ಬೀಡಿ ಹಚ್ಚಲು ಹೋಗಿ ಕಡ್ಡಿಯನ್ನು ಉರಿಯಲು ಬಿಟ್ಟು ಬೆರಳು ಸುಟ್ಟುಕೊಂಡ. ಮೈದುನ ಎತ್ತಿನ ಕಿವಿಯೊಳಗೆ ಏನೋ ಹುಡುಕತೊಡಗಿದ. ಕಾಕಾ ಆಕಾಶ ನೋಡಿದರು, ಮೋಡವಿರಲಿಲ್ಲ.

ಉದಗೀರದವನು ಕೈ ಕೊಟ್ಟ. ನಾನು ಐದು ಬೆರಳು ಹಿಡಿದೆ. ಅವನು ಮೂರು ಹಿಡಿದ. ಎದೆ ಓಡಿತು. ಓಡದೆ ಇರುತ್ತದೆಯೇ, ಅಷ್ಟು ಹೇಳಿದ ಮೇಲೆ? ಬಿಸಿ ಏರಿತು, ಅಂಗೈ ಒದ್ದೆಯಾಯಿತು, ಇಲ್ಲೇ ಬೀಳುತ್ತೇನೆ ಎಂಬುದೂ ಬಂತು. ಬಸ್ಸಿನಲ್ಲಿ ಯಂತ್ರ ಕಟ್ಟಿಕೊಂಡಿದ್ದಾಗ ಹೇಳಿದಂತೆ, ಓಡು, ಎಂದೆ. ಏಳು ಎಣಿಸುತ್ತಾ ಉಸಿರು ಬಿಟ್ಟೆ. ಅದು ನಿಲ್ಲಲಿಲ್ಲ. ನಾನು ನಿಲ್ಲಿಸಲೂ ಹೋಗಲಿಲ್ಲ. ಬೆರಳು ಬದಲಿಸಲಿಲ್ಲ, ಅಷ್ಟೇ. ಐದು ಹಿಡಿದದ್ದು ಐದೇ ಹಿಡಿದುಕೊಂಡೆ.

ಅವನ ಹೆಬ್ಬೆರಳು ನನ್ನ ಮಣಿಕಟ್ಟಿನ ಮೇಲೆ ಹೋಯಿತು, ಇದ್ದಲ್ಲಿ ಇರಲಾಗದೆ ಪಕ್ಕಕ್ಕೆ ಸರಿಯಿತು. ಓದಲು ಅಲ್ಲಿ ಏನೂ ಇರಲಿಲ್ಲ. ಆಗ ನನ್ನ ಹೆಬ್ಬೆರಳಿಗೆ ಅವನ ನಾಡಿ ಸಿಕ್ಕಿತು. ಅದು ನನ್ನದಕ್ಕಿಂತ ಜೋರಾಗಿ ಓಡುತ್ತಿತ್ತು. ಎತ್ತು ಅವನಿಗೆ ಬೇಕಾಗಿತ್ತು.

ನಾಲ್ಕೂವರೆ ಬೆರಳಿಗೆ, ಅಂದರೆ ಒಂದು ಲಕ್ಷ ನಲವತ್ತೈದು ಸಾವಿರಕ್ಕೆ, ಮುಗಿಯಿತು. ಟವೆಲ್ ತೆಗೆದಾಗ ಇಬ್ಬರ ಕೈಯೂ ಒದ್ದೆ. ಕಾಕಾ ಅದನ್ನು ಹಿಂಡುವಂತೆ ಎರಡು ಸಲ ತಿರುವಿ ಹೆಗಲ ಮೇಲೆ ಹಾಕಿಕೊಂಡರು.

ಚಹಾದ ಅಂಗಡಿಯಲ್ಲಿ ಉದಗೀರದವನು ನನ್ನ ಬೆಂಚಿಗೆ ಬಂದು ಕೂತ. ನಾನು ನೀರು ಕುಡಿಯುತ್ತಿದ್ದೆ, ಅವತ್ತಿನ ಮೂರು ಚಹಾ ಮುಗಿದಿದ್ದವು.

"ಬಾಯಿ, ನಮ್ಮ ಮನ್ಯಾಗೂ ಹಂಗೇ ಆಗ್ಲತ್ತದ," ಎಂದ, ಎದುರಿನ ಗೋಡೆ ನೋಡುತ್ತಾ. "ಭೂತ ಹೊಕ್ಕದ ಅಂತ ಮೂರ ಕಡಿ ತೋರಿಸ್ದೆ. ಒಂದ ಕಡಿ ಕೋಳಿ, ಒಂದ ಕಡಿ ಸೀರಿ, ಒಂದ ಕಡಿ ಹತ್ತ ಸಾವಿರ."

"ಹಿಮೋಗ್ಲೋಬಿನ್ ನೋಡಿಸೀಯೇನು?"

"ಅದ್ಯಾವ ದೇವರ?"

ಅವನಿಗೆ ಕಾಗದದಲ್ಲಿ ಬರೆದುಕೊಟ್ಟೆ. ಆಮೇಲೆ ಬೀಡಿಯವನು ಬಂದ, ಅವನ ಅಕ್ಕನಿಗಂತೆ. ಸಂಜೆಯೊಳಗೆ ನಾಲ್ಕು ಜನ ಬಂದರು. ಎಲ್ಲರೂ ಎತ್ತಿನ ಬೆಲೆ ಕೇಳುವ ಹಾಗೆ ಕಿವಿಯ ಹತ್ತಿರ ಬಾಯಿ ತಂದು ಕೇಳಿದರು. ದನಗಳು ಖಾಲಿಯಾದ ಮೇಲೆ ಕಾಕಾ ಬಂದರು. ಏನೂ ಕೇಳಲಿಲ್ಲ.

"ನಿಮ್ಮ ಕಾಕಿಗೂ ಹಿಂಗೇ ಇತ್ತು," ಎಂದರು. "ಎದಿ ಮ್ಯಾಲ ಕೈ ಇಟ್ಕೊಂಡ ಕೂಡ್ತಿದ್ಲು. ನಾ ಎಮ್ಮಿ ಮಾರಿ ತಾಯತ ಕಟ್ಟಿಸ್ದೆ. ನಾಟಕ ಮಾಡ್ತಾಳ ಅಂತ ಬೈದೆ ಸುದ್ದಾ." ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, "ಒಳ್ಳೇ ಎಮ್ಮಿ ಇತ್ತು," ಎಂದರು. ಕಾಕಿ ಹೋಗಿ ಆರು ವರ್ಷವಾಗಿದೆ.

ಅವತ್ತಿನಿಂದ ಇವತ್ತಿನವರೆಗೆ ಟವೆಲ್ ಕೆಳಗೆ ನನ್ನ ಕೈಯೇ ಹೋಗುತ್ತದೆ. ಮೈದುನ ಹಗ್ಗ ಹಿಡಿಯುತ್ತಾನೆ.

ಈಗ ನಿಮಗೆ ಹೇಳುವುದು. ನಲವತ್ತು ದಾಟಿದ ಮೇಲೆ ಎದೆ ಓಡತೊಡಗಿದರೆ ಮೊದಲು ಆಸ್ಪತ್ರೆಗೆ ಹೋಗಿ ಹೃದಯ ತೋರಿಸಿ. ವಯಸ್ಸಿನದು ಎಂದು ನೀವೇ ತೀರ್ಮಾನ ಮಾಡಬೇಡಿ, ನನ್ನ ಮಾತು ಕೇಳಿಯೂ ಮಾಡಬೇಡಿ. ಎದೆ ನೋವು, ಕಣ್ಣು ಕತ್ತಲೆ, ಬಿದ್ದುಬಿಡುವುದು ಇದ್ದರೆ ಬಸ್ಸಿಗೂ ಕಾಯಬೇಡಿ. ರಕ್ತ, ಥೈರಾಯಿಡ್, ಬಿಪಿ, ಸಕ್ಕರೆ ಒಂದೇ ಸಲ ಮಾಡಿಸಿ, ಲ್ಯಾಬಿನಲ್ಲಿ ಒಟ್ಟು ರೇಟು ಕೇಳಿ, ಮುನ್ನೂರಾದರೂ ಬಿಡುತ್ತಾರೆ. ಮುಟ್ಟಿನ ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಹಾಲಿನ ಪಕ್ಕ ಬರೆದಿಡಿ, ಡಾಕ್ಟರು ಅದನ್ನೇ ಕೇಳುತ್ತಾರೆ, ನಾವು ಅದನ್ನೇ ಮರೆತಿರುತ್ತೇವೆ. ಗುಳಿಗೆ ನುಂಗಿ ಮೇಲೆ ಚಹಾ ಕುಡಿದರೆ ಗುಳಿಗೆಯ ದುಡ್ಡು ದಂಡ. ಉಸಿರು ಬಿಡುವುದನ್ನು ಎದೆ ಸುಮ್ಮನಿರುವ ದಿನವೇ ಕಲಿಯಿರಿ, ಸಂತೆಯಲ್ಲಿ ನಿಂತು ಕಲಿಯಲು ಆಗುವುದಿಲ್ಲ. ಎಮ್ಮೆ ಇಲ್ಲದವರು ಗೋಡೆಗೆ ಒರಗಿದರೂ ನಡೆಯುತ್ತದೆ.

ಮನೆಯವರಿಗೆ ಹೇಳಿ. ನೀವು ಹೇಳದಿದ್ದರೆ ಅವರು ಬದನೆಕಾಯಿಯಿಂದ ತಿಳಿದುಕೊಳ್ಳಬೇಕಾಗುತ್ತದೆ. ಜೊತೆಗೆ ಕೆಲಸ ಮಾಡುವವರಿಗೂ ಹೇಳಿ. ಐದು ನಿಮಿಷ ಎಲ್ಲರೂ ಆಕಾಶ ನೋಡುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ನಿಮ್ಮ ಬೆಂಚಿಗೆ ಬರುತ್ತಾರೆ.

ಕೊನೆಯದಾಗಿ, ಎದೆ ಓಡುವಾಗ ಯಾವ ಸೌದಾಕ್ಕೂ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ. ಅದು ಓಡಲಿ. ಹಿಡಿದ ಬೆರಳು ಹಿಡಿದುಕೊಂಡಿರಿ, ಹತ್ತು ನಿಮಿಷ ಬಿಟ್ಟು ಬೆಲೆ ಹೇಳಿ. ಅಷ್ಟರಲ್ಲಿ ಗಿರಾಕಿ ಎದ್ದು ಹೋದರೆ ಅವನು ಕೊಳ್ಳಲು ಬಂದವನಲ್ಲ ಎಂದು ತಿಳಿಯಿರಿ.